ಮರಳಿಸಿದ ಕವಳ

ಲಕ್ಕಿಗೆ ಬೇಡ ಎಂದು ಹೇಳಿ ರೂಢಿಯಿರಲಿಲ್ಲ. ಕಾಯ್ಕಿಣಿಯ ಗುರುದತ್ತ ಒಡೆಯರ ತೆಂಗಿನ ತೋಟದಲ್ಲಿ ಅವಳೂ ಗಂಡ ಈರನೂ ಮದುವೆಯಾದಾಗಿನಿಂದ ಜೀತಕ್ಕಿದ್ದರು. ಹಿಂದಿನ ವರ್ಷ ತಹಶೀಲ್ದಾರರು ಬಂದು ಬಿಡಿಸಿದರು, ಬಿಡುಗಡೆ ಪತ್ರ ಕೊಟ್ಟು ಫೋಟೊ ತೆಗೆಸಿಕೊಂಡು ಹೋದರು. ಈರ ಈಗ ಮಾವಳ್ಳಿಯ ಮನೆಗಳಲ್ಲಿ ತೆಂಗಿನಕಾಯಿ ಕೊಯ್ಯುತ್ತಿದ್ದ. ಮಗಳು ರೇಖಾ ಕುಮಟೆಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು.

ಒಡೆಯರ ತಾಯಿ ತೀರಿಕೊಂಡರು. ಹನ್ನೆರಡನೆಯ ದಿನದ ಊಟಕ್ಕೆ ಲಕ್ಕಿ ಹೋದಳು. ಅವಳು ಬಾಣಂತಿಯಾಗಿದ್ದಾಗ ಆ ಮುದುಕಿ ಗಂಜಿ ಕೊಟ್ಟಿದ್ದಳು. ಹೊರಡುವಾಗ ಗುರುದತ್ತ ಒಡೆಯರು ಕವಳ ಚಾಚಿದರು. ಎರಡು ವೀಳ್ಯದೆಲೆ, ಒಂದು ಅಡಿಕೆ. ಆ ಮನೆಯಲ್ಲಿ ಒಡೆಯರ ಕೈಯಿಂದ ಆಳು ಕವಳ ತೆಗೆದುಕೊಂಡರೆ ಇನ್ನೊಂದು ವರ್ಷದ ಕೆಲಸಕ್ಕೆ ಒಪ್ಪಿದಂತೆ. ಲಕ್ಕಿಗೆ ಅದು ಗೊತ್ತಿತ್ತು. ಆದರೂ ಸೆರಗೊಡ್ಡಿದಳು.

"ಎಂತಕ್ಕೆ ತಕಂಡೆ?" ಎಂದು ಮನೆಗೆ ಬಂದವಳನ್ನು ಈರ ಕೇಳಿದ.

"ಸತ್ತ ಮನೀಲಿ ಬ್ಯಾಡ ಹೇಳೂಕೆ ಆತದ್ಯಾ? ಸೆರಗು ತಾನೇ ಮುಂದೆ ಹೋತು."

ಮರುದಿನ ಬೆಳಿಗ್ಗೆ ತೋಟದ ಮೇಸ್ತ್ರಿ ಅಣ್ಣಪ್ಪ ಅಂಗಳಕ್ಕೆ ಬಂದ. "ಎಂತ ಈರ ಸಾಹೇಬ್ರೆ, ರಜೆ ಮುಗೀತಲ್ಲ? ಕತ್ತಿ ತಕಂಡು ಬನ್ನಿ."

"ರಜೆ ಅಲ್ಲ ಅಣ್ಣಪ್ಪಣ್ಣ, ಬಿಡುಗಡೆ."

"ಅದೆಲ್ಲ ತಹಶೀಲ್ದಾರ್ರ ಹತ್ರ ಹೇಳು. ನಿನ್ ಹೆಂಡ್ತಿ ಎಲೆ ತಕಂಡಾತು."

ಈರ ವಾದಕ್ಕೆ ನಿಲ್ಲಲಿಲ್ಲ. ಲಕ್ಕಿ ದೇವರ ಗೂಡಿನಲ್ಲಿಟ್ಟಿದ್ದ ಕವಳವನ್ನು ಹಾಗೆಯೇ ಹಿಡಿದು ಒಡೆಯರ ಮನೆಗೆ ಹೋದ. ಜಗುಲಿಯಲ್ಲಿ ನೆಂಟರು ಚಾ ಕುಡಿಯುತ್ತಿದ್ದರು. ಅವರ ನಡುವೆ ಅದನ್ನು ಇಟ್ಟ.

"ಒಡೆಯಾ, ಇದು ನಮ್ಗೆ ಬ್ಯಾಡ."

ಆ ಮನೆಯ ಕವಳವನ್ನು ಯಾರೂ ಮರಳಿಸಿದ್ದಿಲ್ಲ. ಗುರುದತ್ತ ಒಡೆಯರು ಎಲೆ ನೋಡಿದರು, ನೆಂಟರನ್ನು ನೋಡಿದರು, ಆಮೇಲೆ ಈರನ ಹಿಂದೆಯೇ ಬಂದು ಅಂಗಳದಲ್ಲಿ ನಿಂತಿದ್ದ ಅಣ್ಣಪ್ಪನನ್ನು ನೋಡಿದರು.

ಈರ ತೋಟ ದಾಟುವ ಮೊದಲೇ ಅಣ್ಣಪ್ಪ ಮತ್ತಿಬ್ಬರನ್ನು ಕರೆದುಕೊಂಡು ಅವನನ್ನು ಹಿಡಿದ. ಹಸಿ ತೆಂಗಿನ ಮಟ್ಟೆಯಿಂದ ಹೊಡೆದರು. ಬಲಗೈ ಎರಡು ಕಡೆ ಮುರಿಯಿತು.

ಠಾಣೆಯಲ್ಲಿ ದೂರು ಬರೆದುಕೊಳ್ಳುವವನು ಕೇಳಿದ, "ಎಂತ ಕೆಲಸ ನಿಂದು?"

"ಕಾಯಿ ಕೊಯ್ಯೂದು."

"ಹಾಂಗಾದ್ರೆ ಮರದಿಂದ ಬಿದ್ದದ್ದು," ಎಂದು ಪೆನ್ನು ಮುಚ್ಚಿದ.

ಹೊನ್ನಾವರದ ಆಸ್ಪತ್ರೆಯಲ್ಲಿ ಕೈಗೆ ಸರಳು ಹಾಕಿದರು. ಮೂಳೆ ಕೂಡಿತು, ಬೆರಳು ಮಡಚಲಿಲ್ಲ. ಮರ ಹತ್ತಲು ಎರಡು ಕೈ ಬೇಕು. ಮಾವಳ್ಳಿಯವರು ಕೆಲವು ದಿನ ಕಾದು ಬೇರೆಯವನನ್ನು ಕರೆದರು. ಮನೆಯಲ್ಲಿ ಅಕ್ಕಿ ಮುಗಿಯಿತು. ಅಪ್ಪನನ್ನು ನೋಡಿಕೊಳ್ಳಲು ರೇಖಾ ಹಾಸ್ಟೆಲಿನಿಂದ ಟ್ರಂಕು ಹೊತ್ತು ಬಂದಳು.

ದೀಪಾವಳಿ ಕಳೆದ ಮೇಲೆ ಲಕ್ಕಿ ತಾನಾಗಿ ತೋಟಕ್ಕೆ ಹೋದಳು. ಅಣ್ಣಪ್ಪ ಏನೂ ಕೇಳದೆ ಬುಟ್ಟಿ ಕೊಟ್ಟ. ಈ ಸಲ ಒಡೆಯರು ಕವಳ ಕೊಡಲೂ ಇಲ್ಲ.

ಹೋದದ್ದು ಇಷ್ಟು: ಒಂದು ಬಲಗೈ, ಮಗಳ ಎರಡನೆಯ ಪಿಯುಸಿ, ಹದಿನಾಲ್ಕು ತಿಂಗಳ ಬಿಡುಗಡೆ.