ಗದಿಗೆವ್ವ ತಿಂದ ಹಸಿ ಮೆಂತ್ಯ

ಪಾಯಖಾನೆ ಗುಂಡಿ ತುಂಬಿದರೆ ಡಂಗುರ ಹೊಡೆಯಬೇಕಿಲ್ಲ. ಗಾಳಿಯೇ ಓಣಿಗೆಲ್ಲ ಹೇಳಿ ಬರುತ್ತದೆ. ಹರ್ತಿಯ ಉಳವಪ್ಪನ ಮನೆಯಲ್ಲೂ ಹಾಗೇ ಆಯಿತು. ಗುಂಡಿಯ ಹೊಲಸು ಎಳೆಯಲು ಖಲೀಲ ತನ್ನ ಟ್ಯಾಂಕರ್ ತಂದ.

"ಅದನ್ನ ದೂರ ಯಾಕ ಒಯ್ತಿ ಲೇ? ನನ್ನ ಮೆಂತ್ಯದ ಮಡಿಗೆ ಬಿಡು. ಪುಕ್ಕಟ ಗೊಬ್ಬರ!" ಎಂದ ಉಳವಪ್ಪ.

ಆಶಾ ಕಾರ್ಯಕರ್ತೆ ನೇತ್ರಾ ಬೇಡವೆಂದು ಹೇಳಿ ಹೋದಳು. ಆಕೆ ಓಣಿ ದಾಟುವುದೇ ತಡ, ಉಳವಪ್ಪನ ಹೆಂಡತಿ ಗದಿಗೆವ್ವ ಮೂಗು ಹಿಡಿದು ಆಕೆಯ ದನಿ ತೆಗೆದಳು: "ಕೈ ತೊಳಕೋರೀ... ಹಸಿ ಹೊಲಸ ಹೊಲಕ್ಕ ಬ್ಯಾಡ್ರೀ..." ಮೊಮ್ಮಗಳು ವಾಣಿಶ್ರೀ ಬಿದ್ದು ಬಿದ್ದು ನಕ್ಕಳು.

ಟ್ಯಾಂಕರ್ ಮಡಿಗೇ ಬರಿದಾಯಿತು. ಮೆಂತ್ಯ ದಟ್ಟ ಹಸಿರಾಗಿ ಎದ್ದಿತು. ಬಿಸಿ ರೊಟ್ಟಿ, ಕೆಂಪು ಚಟ್ನಿ, ಜೊತೆಗೆ ಆಗಷ್ಟೇ ಕಿತ್ತ ಹಸಿ ಮೆಂತ್ಯ. ಗದಿಗೆವ್ವ ಬೇರಿನ ಮಣ್ಣು ಕೊಡವಿ, ಎಲೆಯನ್ನು ಸೆರಗಿಗೆ ಒರೆಸಿ ತಾನೂ ತಿಂದಳು, ಮೊಮ್ಮಗಳಿಗೂ ಕೊಟ್ಟಳು.

ಇಬ್ಬರಿಗೂ ವಾಂತಿ-ಭೇದಿ ಹಿಡಿಯಿತು. ಹೊಟ್ಟೆಗೆ ಹೊಲಸು ಸೇರಿದೆ ಎಂದರು ಡಾಕ್ಟರು. ಗದಗಿನ ದವಾಖಾನೆಯಿಂದ ವಾಣಿಶ್ರೀ ಎಲುಬಿನ ಗೂಡಾಗಿ ಮನೆಗೆ ಬಂದಳು. ಗದಿಗೆವ್ವ ಬಂದದ್ದು ಹೆಣವಾಗಿ.

ಮಣ್ಣು ಮಾಡಿ ಬಂದ ಮೇಲೂ ಮಡಿಯಲ್ಲಿ ಮೆಂತ್ಯ ನಿಂತೇ ಇತ್ತು. ಉಳವಪ್ಪ ಅದನ್ನು ಕಿತ್ತು ಬೆಟಗೇರಿ ಸಂತೆಗೆಂದು ಸಿವುಡು ಕಟ್ಟುತ್ತ ಕುಳಿತಿದ್ದಾಗ ನೇತ್ರಾ ಬಂದಳು.

"ಅಜ್ಜಾರ, ಇದನ್ನ ಮಾರಬ್ಯಾಡ್ರಿ. ಮತ್ತೊಬ್ಬರ ಮನ್ಯಾಗೂ ಕೂಸು ಇರ್ತಾವ."

"ಆಕಿ ಹಣೇಬರದಾಗ ಅಷ್ಟ ಇತ್ತು. ಮೆಂತ್ಯ ಏನ ಮಾಡತೈತಿ? ಗೊಬ್ಬರ ಅಂದ್ರ ಗೊಬ್ಬರ."

"ಎತ್ತಿನ ಸಗಣಿ ಹಸೀದ ಹೊಲಕ್ಕ ಹಾಕ್ತೀರೇನ್ರಿ?"

"ಏ ಹುಚ್ಚಿ, ಯಾರರ ಹಾಕ್ತಾರನ? ತಿಪ್ಪಿಯೊಳಗ ಕೊಳೀಬೇಕು. ಬಗೆದ್ರ ಹೊಗಿ ಬರೂವಂಗ ಕಾಯಬೇಕು."

"ಎತ್ತಿಂದಕ್ಕ ಅಷ್ಟು ಬೇಕು. ಮನಶ್ಯಾರದಕ್ಕ ಬ್ಯಾಡೇನ್ರಿ?"

ಉಳವಪ್ಪನ ಕೈ ಸಿವುಡಿನ ಮೇಲೇ ನಿಂತಿತು.

"ಇದನ್ನ ಮೊದಲ ಹೇಳಬಾರದಿತ್ತೇನವ್ವಾ?"

"ಹೇಳಿದ್ದೆ, ಅಜ್ಜಾರ."

ಉಳವಪ್ಪ ಗುದ್ದಲಿ ತಂದ. ಗುಂಡಿ ತೋಡಿ ಸಿವುಡುಗಳನ್ನೆಲ್ಲ ಹೂಳಿದ. ಆಮೇಲೆ ಕೇಳಿದ: "ಹಂಗಾರ ಪಾಯಖಾನಿ ಗುಂಡಿಯೊಳಗಿಂದು ಎಲ್ಲಿ ಹಾಕೂದು?"

"ಪ್ಯಾಟಿ ಹೊರಗ ಇದನ್ನ ಗೊಬ್ಬರ ಮಾಡೂ ಘಟಕಕ್ಕ ಟ್ಯಾಂಕರ್ ಹೋಗ್ಲಿ. ಅಲ್ಲಿ ನೀರ ಬಸದು ಒಣಗಸ್ತಾರ, ಹಸಿ ಕಸದ ಜೋಡಿ ಕೊಳಸ್ತಾರ. ಒಳಗ ಕೈ ಇಡಲಾರದಂಗ ಕಾಯತೈತಿ, ರೋಗದ ಹುಳ, ಜಂತಿನ ತತ್ತಿ ಸಾಯ್ತಾವ. ತಪಾಸದಾಗ ಪಾಸಾದದ್ದನ್ನಷ್ಟ ತರ್ರಿ. ಬಿತ್ತೂಕಿಂತ ಮೊದಲ ಜ್ವಾಳಕ್ಕ, ಹತ್ತಿಗೆ ಹಾಕ್ರಿ. ಹಸಿ ತಿನ್ನೂ ತಪ್ಪಲ ಪಲ್ಯಕ್ಕ ಮಾತ್ರ ಬ್ಯಾಡ."

ಹಿಂಗಾರಿ ಜೋಳದ ಹೊತ್ತಿಗೆ ಘಟಕದ ಗೊಬ್ಬರ ಬಂತು. ಕರ್ರಗೆ, ಪುಡಿಪುಡಿಯಾಗಿ ಮಣ್ಣಿನ ವಾಸನೆಯಿತ್ತು. ಉಳವಪ್ಪ ಅದನ್ನು ಹೊಲಕ್ಕೆ ಹರಡಿ ಬಂದು ನೇರ ರೊಟ್ಟಿಗೆ ಕೈ ಚಾಚಿದ. ಮೂಲೆಯಿಂದ ವಾಣಿಶ್ರೀ ಮೂಗು ಹಿಡಿದಳು:

"ಕೈ ತೊಳಕೋರೀ..."

ಅದು ಅವಳ ಅಜ್ಜಿ ತೆಗೆಯುತ್ತಿದ್ದ ದನಿ. ಯಾರೂ ನಗಲಿಲ್ಲ. ಉಳವಪ್ಪ ಎದ್ದು ಸಾಬೂನು ಹುಡುಕಿದ.

ಅಣ್ಣಂದಿರೇ, ಅಕ್ಕಂದಿರೇ, ಗುಂಡಿ ಎಳೆಯಲು ಬಂದವರನ್ನು ಮೊದಲು ಕೇಳಿ: ಇದನ್ನು ಎಲ್ಲಿ ಸುರಿಯುತ್ತೀರಿ? ಹೊಲಕ್ಕೆ, ಹಳ್ಳಕ್ಕೆ ಎಂದರೆ ತಡೆಯಿರಿ. ಘಟಕಕ್ಕೆ ಕಳಿಸಿ, ಗೊಬ್ಬರವಾದ ಮೇಲೆ ಹೊಲಕ್ಕೆ ತನ್ನಿ. ವಾಂತಿ-ಭೇದಿಯಾದರೆ ತಡಮಾಡದೆ ದವಾಖಾನೆಗೆ ಹೋಗಿ. ನಿಮ್ಮೂರಿನ ನೇತ್ರಾ ಬಂದಾಗ ಬೇಕಿದ್ದರೆ ಅಣಕಿಸಿ, ನಗಿರಿ. ಆದರೆ ಆಕೆ ಹೇಳಿದ್ದನ್ನು ಅಂದೇ ಮಾಡಿ.