ಕಳಿಸಿದೆ, ಕೇಳಿಸಿದೆ

"ಸೈರನ್ ಕೇಳಿಸಿದೆ ಅಂತ ಬಂತಲ್ಲಪಾ ನನ್ನ ಫೋನಿಗೆ. ಅದನ್ನ ನೋಡೇ ಗೇಟ್ ಎತ್ತಿಸೀನಿ," ಎಂದರು ಶ್ರೀಪತಿ.

ಮಾರೇಶ ಎದುರಿನ ಪರದೆಯಿಂದ ಕಣ್ಣು ಕೀಳಲಿಲ್ಲ. ಹಸಿರು ಇರಬೇಕಾದ ಕಡೆ ಕೆಂಪು ಪಟ್ಟಿ, ಅದರೊಳಗೆ 401. ಆ ಅಂಕಿಗಿರುವುದು ಒಂದೇ ಅರ್ಥ: ನೀನು ಯಾರೋ ನನಗೆ ಗೊತ್ತಿಲ್ಲ, ಆಚೆ ನಡಿ.

"ಸರ್, ಇನ್ನೊಂದ್ಸಲ ಓದ್ರಿ. ಚಶ್ಮಾ ಹಾಕ್ಕೊಂಡು ಓದ್ರಿ."

ಆ ಕಡೆ ಚಶ್ಮದ ಡಬ್ಬಿ ಟಪ್ಪೆಂದು ತೆರೆದ ಸದ್ದು. "ಸೈರನ್... ಕ... ಕಳಿಸಿದೆ." ಶ್ರೀಪತಿ ಇನ್ನೊಮ್ಮೆ ಓದಿಕೊಂಡರು. "ಕಳಿಸಿದೆ ಅಂದ್ರೂ ಕೇಳಿಸಿದೆ ಅಂದ್ರೂ ಒಂದೇ ಅಲ್ಲೇನಪಾ?"

ಒಂದೇ ಆಗಿದ್ದರೆ ಮಾರೇಶನ ಬೆನ್ನ ಮೇಲೆ ಬೆವರು ಇಳಿಯುತ್ತಿರಲಿಲ್ಲ.

ಶ್ರೀಪತಿ ಇದ್ದದ್ದು ಹೊಳೆಯ ಮೇಲ್ಭಾಗದ ಒಂದು ಚಿಕ್ಕ ಖಾಸಗಿ ವಿದ್ಯುತ್ ಘಟಕದಲ್ಲಿ, ಅಲ್ಲಿಯ ಇಂಜಿನಿಯರ್. ಮಾರೇಶ ಹೊಸಪೇಟೆಯ ಸ್ಟೇಷನ್ ರೋಡಿನ ಮಹಡಿ ಕಚೇರಿಯಲ್ಲಿ ಕುಳಿತು ಅದೇ ಕಂಪನಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಗುತ್ತಿಗೆ ನೌಕರ. ಘಟಕದ ಗೇಟು ಎತ್ತುವ ಮೊದಲು ಕೆಳಗೆ ಹಂಪಿ ಕಡೆಯ ದಡದಲ್ಲಿ ಸೈರನ್ ಕೂಗಬೇಕು. ನೀರಿನಲ್ಲಿರುವವರು ಮೇಲೆ ಬರಬೇಕು. ಅದು ತಾನಾಗಿ ನಡೆಯುವ ಹಾಗೆ ಮಾಡಿದವನು ಮಾರೇಶನೇ. ಶ್ರೀಪತಿ ಫೋನಿನಲ್ಲಿ ಬೆರಳೊತ್ತಿದರೆ ಸಂದೇಶ ಕ್ಲೌಡಿಗೆ ಏರುತ್ತದೆ. ಅಲ್ಲಿಂದ ಇಳಿದು ಬಂದು, ಘಟಕದೊಳಗೆ ಬೀಗ ಹಾಕಿಟ್ಟ ಸರ್ವರಿನ ಬಾಗಿಲು ತಟ್ಟಿ, 'ನಾನು ಹೊನ್ನೂರುಸ್ವಾಮಿ, ಇದು ನನ್ನ ಪಾಸ್‌ವರ್ಡ್' ಎಂದು ಗುರುತು ಹೇಳಿ, ಸೈರನ್ನನ್ನು ಎಬ್ಬಿಸುತ್ತದೆ. ಹೊನ್ನೂರುಸ್ವಾಮಿ ಆ ಸರ್ವರಿನ ಕಾವಲಿನವನು. ಮಷೀನಿಗೆಂದೇ ಬೇರೆ ಹೆಸರು ಕೊಡಿ ಎಂದು ಮುಖ್ಯ ಕಚೇರಿಗೆ ಕೇಳಬೇಕಿತ್ತು. ಬೇಸರ ಬಂದು ಮಾರೇಶ ಅವನದೇ ಹೆಸರು ತುರುಕಿದ್ದ. ಊರ ಮಂದಿಯ ದನಿಯೆಲ್ಲ ಅಣಕಿಸಿ ತೆಗೆಯುವವನಿಗೆ, ಮಷೀನೂ ಇನ್ನೊಬ್ಬರ ದನಿ ತೆಗೆದರೆ ತಪ್ಪೇನು ಅನ್ನಿಸಿತ್ತು.

ಫೋನಿನಲ್ಲಿ ಬರುವ ಸಂದೇಶವನ್ನು ಶ್ರೀಪತಿಯವರಿಗಾಗಿ ಕನ್ನಡದಲ್ಲಿ ಬರೆದವನೂ ಅವನೇ. 'ಸೈರನ್ ಕಳಿಸಿದೆ'. ಅತ್ತ ಸರ್ವರ್ ಬಾಗಿಲು ತೆಗೆಯಿತೋ ಇಲ್ಲವೋ, ಇತ್ತಲಿಂದ ಹೊರಟ ಕೂಡಲೇ ಬರುವ ಸಂದೇಶ ಅದು. ಟೈಪ್ ಮಾಡುವಾಗ, ಒಂದು ಏತ್ವ, ಒಂದು ದೀರ್ಘ ಸೇರಿಸಿದರೆ ಕೇಳಿಸಿಯೇ ಬಿಡುತ್ತದಲ್ಲ ಎಂದು ತಾನೇ ನಕ್ಕು, ಪಕ್ಕದ ಟೇಬಲ್ಲಿನವರಿಗೂ ಹೇಳಿ ನಗಿಸಿದ್ದ.

"ಗೇಟ್ ಇಳಸ್ರಿ ಸರ್, ಕೈ ಮುಗೀತೀನಿ."

"ಮ್ಯಾಲ ಮಳಿ ಹೊಡದು ಕಟ್ಟಿ ತುಂಬೈತಪಾ. ಇಳಿಸಿದ್ರ ಒಡ್ಡೇ ಹೋಕ್ಕೈತಿ. ಬಿಟ್ಟ ನೀರಂತೂ ಬಿಟ್ಟಾತು." ಶ್ರೀಪತಿಯವರ ದನಿ ತೆಳ್ಳಗಾಯಿತು. "ನಾ ಠಾಣೆಗೆ ಫೋನ್ ಹಚ್ತೀನಿ. ನೀರು ಮುಟ್ಟಾಕ ಅರ್ಧ ತಾಸು ಸಿಕ್ರ ಸಿಕ್ತು. ನೀ ಹೆಂಗಾರ ಮಾಡಿ ಅದನ್ನ ಕೂಗ್ಸು."

ಮಾರೇಶ ಆಗಲೇ ಅಪ್ಪನ ನಂಬರ್ ಒತ್ತಿದ್ದ. ಅಪ್ಪ ಮೂಕಣ್ಣ ಹಂಪಿಯ ಹೊಳೆಯಲ್ಲಿ ಹರಿಗೋಲು ಹಾಕುವವನು. ಬಂದ ಪ್ರವಾಸಿಗರನ್ನು ನಡುನೀರಿನ ಹಾಸುಬಂಡೆಗೆ ಒಯ್ದು ಇಳಿಸಿ, ಅವರ ಫೋಟೋ ಮುಗಿಯುವವರೆಗೆ ಬೀಡಿ ಸೇದುತ್ತ ಕೂರುತ್ತಾನೆ.

ಫೋನ್ ಎತ್ತಿದವಳು ತಾಯಿ ತಾಯಕ್ಕ. ದಡದಲ್ಲಿ ಅವಳದು ಮಂಡಕ್ಕಿ-ಮಿರ್ಚಿ ಅಂಗಡಿ. "ಅವ್ರು ಫೋನು ಇಲ್ಲೇ ಬಿಟ್ಟೋಗ್ಯಾರ. ನೀರಾಗ ಬಿದ್ರ ಕೆಟ್ಟೋಕ್ಕೈತಂತ. ಯಾಕಲೇ?"

"ಎಲ್ಲಿಗೆ ಹೋಗ್ಯಾನ?"

"ಪುಣೆ ಮಂದಿ ನಾಕು ಮಂದಿನ ಕರಕೊಂಡು ಹಾಸುಬಂಡಿಗೆ ಹೋಗ್ಯಾರ. ಅವ್ರಿಗೇನು, ಮಂದಿ ಸಿಕ್ರ ಊಟದ ಖಬರೇ ಇರಂಗಿಲ್ಲ."

ತಾಯಕ್ಕನ ಬಾಯಲ್ಲಿ ಗಂಡ ಯಾವತ್ತೂ 'ಅವ್ರು'. ಹೆಸರು ಹೇಳಿದರೆ ಗಂಡನ ಆಯುಷ್ಯ ಕಮ್ಮಿಯಾಗುತ್ತದೆಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ರೇಷನ್ ಕಾರ್ಡಿನ ಕಚೇರಿಯಲ್ಲಿ ಗಂಡನ ಹೆಸರೇನಮ್ಮಾ ಎಂದರೆ ಮಗನ ಪಕ್ಕೆ ತಿವಿಯುತ್ತಾಳೆ. ಮಗ ಇಲ್ಲದಿದ್ದರೆ ಆಧಾರ್ ಕಾರ್ಡನ್ನು ಮುಂದೆ ಸರಿಸಿ ಗೋಡೆ ನೋಡುತ್ತಾಳೆ. ಹೆಸರಿಗೆ ಹತ್ತಿರದ ಮಾತೂ ಅವಳಿಗೆ ಮೈಲಿಗೆ. ಎಮ್ಮೆಗೆ ಯಾರಾದರೂ ಹೊಡೆದರೆ, "ಪಾಪ, ಮಾರೇಶನ ಅಪ್ಪನ ಹೆಸರಿನ ಪ್ರಾಣಿ, ಬಡೀಬ್ಯಾಡ್ರಿ" ಎನ್ನುತ್ತಾಳೆ. ಇದನ್ನು ಅವಳದೇ ದನಿಯಲ್ಲಿ ಮಾಡಿ ತೋರಿಸಿ ಮಾರೇಶ ಎಷ್ಟು ಮದುವೆ ಮನೆಗಳನ್ನು ನಗಿಸಿದ್ದನೋ. ಆ ದನಿಯಲ್ಲಿ ಅವನೂ ಅಪ್ಪನ ಹೆಸರು ಮಾತ್ರ ಎಂದೂ ತೆಗೆದಿರಲಿಲ್ಲ.

"ಯವ್ವಾ, ನೀರು ಬಿಟ್ಟಾರ. ಸೈರನ್ ಕೆಟ್ಟೈತಿ. ಓಡು, ಕರಿ ಅಪ್ಪನ್ನ."

ಕಾಯ್ದ ಎಣ್ಣೆಯ ಬಾಣಲಿ ಧಡಕ್ಕನೆ ಕೆಳಗಿಳಿದ ಸದ್ದು ಕೇಳಿಸಿತು, ಅಷ್ಟೆ.

ಯಾರ ಹೆಸರಿಗೆ ಸರ್ವರ್ ಬಾಗಿಲು ಮುಚ್ಚಿತ್ತೋ ಆ ಹೊನ್ನೂರುಸ್ವಾಮಿ ರಾತ್ರಿ ಪಾಳಿ ಮುಗಿಸಿ ಫೋನ್ ಆಫ್ ಮಾಡಿ ಮಲಗಿದ್ದ. ಮಾರೇಶ ಮುಖ್ಯ ಕಚೇರಿಯ ಸಹಾಯವಾಣಿಗೆ ಹಚ್ಚಿದ. ಗುತ್ತಿಗೆಯವರ ಮಾತು ಅಲ್ಲಿ ನಡೆಯುವುದಿಲ್ಲ. ಅವನು ಒಂದು ಸಲ ಉಸಿರು ತೆಗೆದುಕೊಂಡು ಹೊನ್ನೂರುಸ್ವಾಮಿಯಾದ. ಮಾತಿಗೆ ಮೊದಲು ಒಂದು ಕೆಮ್ಮು, ಕೊನೆಗೆ ಒಂದು 'ಆತಾ?'. ಹೊನ್ನೂರುಸ್ವಾಮಿಯ ಹೆಂಡತಿಯೂ ಒಮ್ಮೆ ಈ ದನಿಗೆ ಮೋಸಹೋಗಿ ತರಕಾರಿ ಏನು ತರಲಿ ಎಂದು ಕೇಳಿದ್ದಳು.

"ನಾನು ಸ್ಫೂರ್ತಿ, ಹೇಳಿ ಸರ್," ಎಂದಳು ಆ ಕಡೆಯ ಹುಡುಗಿ. ಹೆಸರು ಕೇಳಿಕೊಂಡು ಟೈಪ್ ಮಾಡಿದಳು. "ನಿಮ್ಮ ಅಕೌಂಟ್ ಇವತ್ತು ಬೆಳಿಗ್ಗೆ ಕ್ಲೋಸ್ ಆಗಿದೆಯಲ್ಲ ಸರ್. ನೀವು ಕೆಲಸ ಬಿಟ್ಟಿದೀರ ಅಂತಿದೆ."

ಮಾರೇಶನಿಗೆ ಎಲ್ಲ ಅರ್ಥವಾಯಿತು. ಹೋದ ವಾರ ಕೆಲಸ ಬಿಟ್ಟವನು ಸಂಡೂರಿನ ಹೊನ್ನೂರಸ್ವಾಮಿ, ಸ್ಟೋರಿನವನು. "ಎಹ್ಹೆಂ. ಬಿಟ್ಟಾಂವ ಹೊನ್ನೂರಸ್ವಾಮಿರೀ. ನಾನು ಹೊನ್ನೂರುಸ್ವಾಮಿ. ನನಗ ಕೊಂಬೈತಿ. ಜಲ್ದಿ ತಗೀರಿ, ಆತಾ?"

ಸ್ಫೂರ್ತಿ ಕಿಸಕ್ಕೆಂದಳು. "ಸಾರಿ ಸರ್, ಕೊಂಬು ಯಾರೋ ನೋಡಿಲ್ಲ. ಈಗಲೇ ಓಪನ್ ಮಾಡ್ತೀನಿ. ನಿಮ್ಮ ಮೊಬೈಲಿಗೆ ಓಟಿಪಿ ಬಂದಿದೆ, ಹೇಳಿ."

ದನಿ ಕದಿಯಬಹುದು. ಆಫ್ ಆಗಿ ದಿಂಬಿನ ಕೆಳಗೆ ಬಿದ್ದಿರುವ ಫೋನಿನೊಳಗಿನ ಅಂಕಿಗಳನ್ನು ಯಾವ ಗಂಟಲಿನಿಂದ ತೆಗೆಯುವುದು?

"ಮೇಡಂ," ಎಂದ, ಕೆಮ್ಮು ಇಲ್ಲದೆ, ತನ್ನದೇ ದನಿಯಲ್ಲಿ. "ನಾನು ಹೊನ್ನೂರುಸ್ವಾಮಿ ಅಲ್ಲ. ನಾನು ಮಾರೇಶ. ಹೊಳಿಗೆ ನೀರು ಬಿಟ್ಟಾರ. ನಮ್ಮಪ್ಪ ನೀರಾಗದಾನ. ದಯಮಾಡಿ ತಗೀರಿ."

ಅವಳ ದನಿಯಲ್ಲಿದ್ದ ನಗು ಹೊರಟುಹೋಯಿತು. "ಈಗಷ್ಟೇ ಬೇರೆಯವರಾಗಿದ್ರಿ ನೀವು. ಈಗ ನೀವು ನಿಜವಾಗ್ಲೂ ಯಾರು ಸರ್? ನಾನು ಹೇಗೆ ನಂಬಲಿ?" ಮೇಲಿನವರನ್ನು ಕೇಳುತ್ತೇನೆ, ಲೈನಿನಲ್ಲಿರಿ ಎಂದಳು. ವೀಣೆಯ ಸಂಗೀತ ಶುರುವಾಯಿತು. ಅದರ ನಡುವೆಯೇ ಅಪ್ಪನ ನಂಬರಿನಿಂದ ಕರೆ ಬಂತು.

"ಕೇಳ್ಸವಲ್ದಲೇ ಅವ್ರಿಗೆ," ತಾಯಕ್ಕ ಏದುತ್ತಿದ್ದಳು. "ಕಲ್ಬಂಡಿ ಮ್ಯಾಲ ನಿಂತು ಹೊಯ್ಕೊಂಡೆ. ಗಾಳಿ ಇತ್ಲಾಗ ಬೀಸ್ತೈತಿ. ಬ್ಯಾರೆ ಯಾರ ಹರಿಗೋಲೂ ದಡದಾಗ ಇಲ್ಲ."

ಅವಳ ಹಿಂದೆ ಎಲ್ಲೋ ಕಸದ ಗಾಡಿಯ ಹಾಡು ಕೇಳುತ್ತಿತ್ತು. ಪಂಚಾಯಿತಿಯ ಆ ಗಾಡಿಯನ್ನು ಓಡಿಸುವವಳು ಅನ್ನಪೂರ್ಣ. ತಾಯಕ್ಕನ ಅಂಗಡಿಯ ಮುಂದೆ ನಿಲ್ಲಿಸಿ ದಿನಾ ಮಿರ್ಚಿ ತಿನ್ನುವವಳು. ಗಾಡಿಯ ನೆತ್ತಿಯ ಮೇಲೆ ಎರಡು ದೊಡ್ಡ ಧ್ವನಿವರ್ಧಕ.

"ಯವ್ವಾ, ಅನ್ನಪೂರ್ಣಕ್ಕನ ಗಾಡಿ ದಿಬ್ಬಕ್ಕ ಹತ್ಸು. ಹಾಡು ಬಂದ್ ಮಾಡಿಸಿ ಫೋನು ಮೈಕಿಗೆ ಹಿಡಿ."

ಗಾಡಿ ಕಲ್ಲುಗಳ ಮೇಲೆ ಕುಣಿಯುತ್ತ ಏರುವುದು ಕೇಳಿಸಿತು. "ಗೇರ್ ಬೀಳವಲ್ದು, ಇಳೀಬೇ ಯಕ್ಕಾ, ತಳ್ಳು," ಎಂಬ ಅನ್ನಪೂರ್ಣಳ ಕೂಗು. ಆಮೇಲೆ ಮೈಕಿನ ಕುಂಯ್ಗುಡುವಿಕೆ.

ಮಾರೇಶ ಕಣ್ಣು ಮುಚ್ಚಿ ಸೈರನ್ನಾದ. ಹೊಟ್ಟೆಯಿಂದ ಹೊರಟು, ಮೂಗಿನಲ್ಲಿ ಏರಿ, ನೆತ್ತಿಯಲ್ಲಿ ನಿಂತು, ಮತ್ತೆ ಇಳಿಯುವ ಊಳು. ಕಚೇರಿಯ ಮಂದಿ ಕುರ್ಚಿ ಬಿಟ್ಟು ಎದ್ದರು. ಉಸಿರು ಮುಗಿಯುವವರೆಗೆ ಕೂಗಿ, ಮತ್ತೆ ಕೂಗಿ, "ಯಪ್ಪಾ, ಖರೇನಾ, ಬಾರಪ್ಪಾ!" ಎಂದು ಚೀರಿ ನಿಲ್ಲಿಸಿದ.

"ಕೇಳ್ತು, ಕೇಳ್ತು!" ಅನ್ನಪೂರ್ಣ ಕೂಗಿದಳು. "ಎದ್ದು ನಿಂತ್ರು ನೋಡು... ಹುಟ್ಟು ಎತ್ತಿ ತೋರ್ಸಾಕತ್ಯಾರ." ಅವಳ ದನಿ ಸಣ್ಣಗಾಯಿತು. "ನಗಾಕತ್ಯಾರೋ ಮಾರೇಶ. ಮತ್ತ ಕುಂತ್ರು."

ಹೋದ ಭಾನುವಾರ ಮಾರೇಶ ಬಂಡೆಯ ಮರೆಯಲ್ಲಿ ನಿಂತು ಇದೇ ಸೈರನ್ ಕೂಗಿದ್ದ. ಮೂಕಣ್ಣ ಮೀನಿನ ಬಲೆಯನ್ನು ಅರ್ಧಕ್ಕೇ ಬಿಟ್ಟು, ಲುಂಗಿ ಸರಿಮಾಡಿಕೊಳ್ಳದೆ ದಡಕ್ಕೆ ಓಡಿ ಬಂದಿದ್ದ. ಖರೇನೇನಲೇ ಎಂದು ಕೇಳಿದಾಗ ಮಾರೇಶ, "ಖರೇನಾ ಯಪ್ಪಾ" ಎಂದೇ ಹೇಳಿದ್ದ. ಚಹಾದಂಗಡಿಯವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಆಮೇಲೆ ಮೂಕಣ್ಣನೂ ನಕ್ಕು ಅಂದಿದ್ದ: "ಇನ್ನ ಮ್ಯಾಲ ಸೈರನ್ ಅಲ್ಲ, ಸೈರನ್ನಿನ ಅಪ್ಪ ಕೂಗಿದ್ರೂ ಈ ಅಪ್ಪ ಏಳಂಗಿಲ್ಲ."

"ಯವ್ವಾ, ನಾನಂತ ತಿಳಕೊಂಡಾನ ಅಂವ. ನನ್ನ ದನಿ ನಂಬಂಗಿಲ್ಲ. ನೀ ಕರಿ. ಮೈಕ್ ತಗೋ, ನೀ ಕರಿ!"

"ನನ್ನ ದನಿನೂ ನೀ ತೆಗಿತೀಯಲ್ಲಲೇ," ಎಂದಳು ತಾಯಕ್ಕ. ಅದರಲ್ಲಿ ಸಿಟ್ಟಿರಲಿಲ್ಲ, ಲೆಕ್ಕವಿತ್ತು. "ನಾ ಏನು ಕೂಗಿದ್ರೂ ನೀನಽ ಅಂತಾರ ಅವ್ರು."

ಫೋನಿನಲ್ಲಿ ಗಾಳಿ. ಎಲ್ಲೋ ದೂರದಿಂದ, ಇನ್ನೂ ನೀರಿನದೋ ಗಾಳಿಯದೋ ತಿಳಿಯದ ಒಂದು ಮೊರೆತ.

ಆಮೇಲೆ ಮೈಕಿನಲ್ಲಿ ಅವಳ ಉಸಿರು ದೊಡ್ಡದಾಗಿ ಕೇಳಿಸಿತು. "ಏ, ಇವ್ರೇ..." ಎಂದು ನಿಂತಳು. ನುಂಗಿಕೊಂಡಳು.

"ಮೂಕಣ್ಣಾ!"

ಬಂಡೆಗಳು ಅದನ್ನು ಹಿಡಿದು ಒಂದರಿಂದ ಒಂದಕ್ಕೆ ಎಸೆದವು.

"ಮೂಕಣ್ಣಾ! ಏ ಮೂಕಣ್ಣಾ! ಬಾರೋ!"

"ಯಕ್ಕಾ..." ಎಂದಳು ಅನ್ನಪೂರ್ಣ, ಬಾಯಿಗೆ ಸೆರಗು ಹಿಡಿದಂತೆ. ಒಂದು ಗಳಿಗೆ ಬಿಟ್ಟು, "ಎದ್ರು. ಎದ್ರು ನೋಡಕ್ಕಾ. ಮಂದೀನ ರಟ್ಟಿ ಹಿಡದು ಹರಿಗೋಲಿಗೆ ಹಾಕ್ಕೊಳಾಕತ್ಯಾರ."

ಅಲ್ಲಿಗೆ ಫೋನ್ ಕಟ್ಟಾಯಿತು. ಮತ್ತೆ ಹಚ್ಚಿದರೆ ಹತ್ತಲಿಲ್ಲ.

ಮಾರೇಶ ಬೈಕು ಹೇಗೆ ಓಡಿಸಿದನೋ. ಕಡ್ಡಿರಾಂಪುರ ದಾಟುವಾಗ ತನ್ನ ಮನೆಯ ಕಡೆ ತಿರುಗಿಯೂ ನೋಡಲಿಲ್ಲ. ದಡ ಮುಟ್ಟಿದಾಗ ಹಾಸುಬಂಡೆ ಇದ್ದ ಜಾಗದಲ್ಲಿ ಕೆಂಪು ನೀರು ಸುಳಿ ಸುತ್ತುತ್ತಿತ್ತು. ಪೊಲೀಸ್ ಜೀಪು ಬಂದು ನಿಂತಿತ್ತು. ಕಸದ ಗಾಡಿಯ ಪಕ್ಕ ನಾಲ್ಕು ಮಂದಿ ಹೊರಗಿನವರು ಒದ್ದೆಯಾಗಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಕುಳಿತಿದ್ದರು. ಮೂಕಣ್ಣ ಸ್ವಲ್ಪ ದೂರದಲ್ಲಿ ಒಂದು ಹುಟ್ಟನ್ನು ಅಡ್ಡ ಹಿಡಿದು ಕಲ್ಲಿನ ಮೇಲಿದ್ದ. ಹರಿಗೋಲು ಕಾಣಲಿಲ್ಲ. ಕೊನೆಯವನನ್ನು ಎಳೆದುಕೊಳ್ಳುವಾಗ ಅದನ್ನು ಕೈಬಿಡಬೇಕಾಯಿತಂತೆ. ತಾಯಕ್ಕ ಅಂಗಡಿಯಲ್ಲಿ ಕುಳಿತು, ಎಣ್ಣೆ ಆರಿದ ಬಾಣಲಿಯನ್ನು ಮತ್ತೆ ಮತ್ತೆ ಒರೆಸುತ್ತಿದ್ದಳು. ಗಂಡ ಹೆಂಡತಿ ಒಬ್ಬರ ಕಡೆ ಒಬ್ಬರು ನೋಡಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯ ಕಟ್ಟೆಯ ಮೇಲೆ ಅಪ್ಪ ಮಗ ಕುಳಿತಿದ್ದರು. ಒಳಗೆ ತಾಯಕ್ಕ ರೊಟ್ಟಿ ಬಡಿಯುತ್ತಿದ್ದಳು. ಶ್ರೀಪತಿಯವರ ಕರೆ ಬಂದು ಬಂದು ಮಾರೇಶನ ಜೇಬಿನಲ್ಲಿ ಫೋನು ನಡುಗಿ ಸುಮ್ಮನಾಗುತ್ತಿತ್ತು. ನಾಳೆ ಕೆಲಸ ಇದೆಯೋ ಇಲ್ಲವೋ ಅವನಿಗೆ ತಿಳಿದಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಹೊಳೆಯ ಕಡೆಯಿಂದ ಸೈರನ್ ಎದ್ದಿತು. ಸ್ಫೂರ್ತಿ ಮೇಲಿನವರನ್ನು ಕೇಳಿ ಮುಗಿಸಿದಳೆಂದು ತೋರುತ್ತದೆ. ಯಾರೋ ಅದನ್ನು ಒತ್ತಿ ಪರೀಕ್ಷೆ ಮಾಡುತ್ತಿದ್ದರು. ಹೊಟ್ಟೆಯಿಂದ ಹೊರಟು, ಮೂಗಿನಲ್ಲಿ ಏರಿ, ನೆತ್ತಿಯಲ್ಲಿ ನಿಂತಿತು. ಕೇರಿಯ ನಾಯಿಗಳು ಬೊಗಳಿದವು. ಮೂಕಣ್ಣ ಕದಲಲಿಲ್ಲ.

"ನಿನ್ನಷ್ಟು ಮಸ್ತ್ ಇಲ್ಲ ಬಿಡು," ಎಂದ, ಅದು ನಿಂತ ಮೇಲೆ. ಬೀಡಿ ಹಚ್ಚಲು ಹೋಗಿ ಕಡ್ಡಿ ಆರಿಹೋಯಿತು. ಇನ್ನೊಂದು ಗೀರಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ.

"ಮಂದಿ ದನಿ ಎಲ್ಲಾ ತೆಗಿತೀಯಲ್ಲಲೇ. ನಿಮ್ಮವ್ವ ಹೆಂಗ ಕರದ್ಲು? ಆ ಗಾಳ್ಯಾಗ ನನಗ ಅರ್ಧಾನೇ ಕೇಳ್ಸಿತು. ಒಂದ್ಸಲ ತೆಗದು ತೋರ್ಸು."

ಮಾರೇಶ ಗಂಟಲು ಸರಿಮಾಡಿಕೊಂಡು ಬಾಯಿ ತೆರೆದ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ತೆರೆದ ಬಾಯಿ ಹಾಗೇ ಇತ್ತು. ಮೂಕಣ್ಣ ಆರಿದ ಕಡ್ಡಿಯನ್ನು ಹಿಡಿದು ಕಾಯುತ್ತಿದ್ದ. ಹೆಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಕಟ್ಟೆಯವರೆಗೂ ಬಂತು. ಅದನ್ನು ಮಗುಚಲು ಒಳಗೆ ಯಾರೂ ಎದ್ದಂತೆ ಕೇಳಿಸಲಿಲ್ಲ.