ಬೇವೂರಿನ ಗಾಳಿ

ಬೆಂಗಳೂರಿನಿಂದ ಬಂದ ಸಾಹೇಬರು ನೀರು ಕೂಡ ಮುಟ್ಟದೆ ಅಂಕಿ ಪುಸ್ತಕ ಕೇಳಿದಾಗ ಓಬಳೆಪ್ಪ ಅದನ್ನು ಹಿಂಜರಿಯುತ್ತಲೇ ಮುಂದಿಟ್ಟ. ೧೯೮೧ರ ಮಾರ್ಚ್ ಕೊನೆ. ಕಾರಟಗಿ ಹತ್ತಿರದ ಹವಾಮಾನ ಕೇಂದ್ರದಲ್ಲಿ ಅವನು ನಾಲ್ಕು ವರ್ಷದಿಂದ ಹಂಗಾಮಿ ನೌಕರ. ದಿನಕ್ಕೆರಡು ಸಲ ಎರಡು ಥರ್ಮಾಮೀಟರ್ ನೋಡಿ ಬರೆಯಬೇಕು. ಒಂದು ಬರಿಯದು, ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಗಾಳಿ ಒಣ. ಈ ಸಾಹೇಬರು ಅವನ ಅರ್ಜಿಯ ಮೇಲೆ ಒಂದು ಮಾತು ಬರೆದರೆ ಅವನ ನೌಕರಿ ಕಾಯಂ.

ಸಾಹೇಬರದು ದೊಡ್ಡ ಲೆಕ್ಕ. ಆಕಾಶಕ್ಕೆ ಎರಡೇ ಪದರ, ಕೆಳಗೆ ಸೀಮೆಗೆಲ್ಲ ಒಂದೇ ಒಣನೆಲ ಎಂದು ಹಿಡಿದು, ಇಷ್ಟು ಬಿಸಿಲಿಗೆ ಇಷ್ಟೇ ಕಾವು, ಇಷ್ಟೇ ತೇವ ಎಂದು ತೀರ್ಮಾನಿಸಿದ್ದರು. ಆ ಕಾಗದವನ್ನು ಗಾಳಿಗೆ ಯಾರೂ ಓದಿ ಹೇಳಿರಲಿಲ್ಲ, ಪಾಪ.

“ಇಷ್ಟೊಂದು ತೇವ ಎಲ್ಲಿಂದ ಬಂತು? ಎರಡು ತಿಂಗಳು ಮನೇಲಿ ಕೂತು ಬರೆದಿದ್ದೀಯ,” ಎಂದರು. ಆಮೇಲೆ ಫೆಬ್ರವರಿಯ ಒಂದು ಪುಟದ ಮೇಲೆ ಬೆರಳಿಟ್ಟರು. “ಈ ಒಂಬತ್ತು ದಿನ ಮಾತ್ರ ಸರಿಯಾಗಿದೆ. ಉಳಿದದ್ದು ಹೊಡೆದು ಹಾಕ್ತೀನಿ. ಮುಂದೆ ಹೀಗೇ ಬರಿ, ಕಾಯಂ ಮಾಡಿಸ್ತೀನಿ.”

ಓಬಳೆಪ್ಪ ಅವರ ಮುಖವನ್ನೇ ನೋಡಿದ. ಎಲ್ಲ ಗೊತ್ತಿದ್ದೂ ತನ್ನ ಬಾಯಿ ಬಿಡಿಸಲು ಹೀಗೆನ್ನುತ್ತಿದ್ದಾರೆಯೇ? ಆ ಒಂಬತ್ತು ದಿನ ಅವನು ಬೇವೂರಿನ ಅತ್ತೆಮನೆಯಲ್ಲಿದ್ದ. ಹೆಂಡತಿ ಉಡಚಮ್ಮನ ಹೆರಿಗೆ ಕಷ್ಟವಾಗಿತ್ತು. ಪುಸ್ತಕ ಬಗಲಲ್ಲಿಟ್ಟುಕೊಂಡೇ ಓಡಿದ್ದವನು, ಹಗ್ಗದ ಮೇಲಿನ ಕೂಸಿನ ಬಟ್ಟೆ ಎಷ್ಟು ಬೇಗ ಒಣಗುತ್ತದೆಂದು ನೋಡಿ ಅಂದಾಜಿನ ಮೇಲೆ ಅಂಕಿ ಹಾಕಿದ್ದ. ಬೇವೂರು ಕಾಲುವೆಯಿಲ್ಲದ, ಮಳೆಯನ್ನೇ ನಂಬಿದ ಒಣನೆಲ. ಹಿಂಡಿ ಹಾಕಿದ ಬಟ್ಟೆ ಗಳಿಗೆಯಲ್ಲಿ ಗರಿಗರಿ.

ಸಾಹೇಬರು ಕೆಂಪು ಪೆನ್ಸಿಲ್ ತೆಗೆದರು. ಉರಿಬಿಸಿಲಲ್ಲಿ ನಿಂತು ಬರೆದ ಅಂಕಿಗಳ ಮೇಲೆ ಒಂದೊಂದಾಗಿ ಗೆರೆ ಬೀಳತೊಡಗಿತು. ಸುಮ್ಮನಿದ್ದರೆ ನೌಕರಿ ಸಿಗುತ್ತದೆ ಎಂದು ಗೊತ್ತಿದ್ದೂ ಓಬಳೆಪ್ಪ ಪುಸ್ತಕದ ಮೇಲೆ ಕೈ ಅಡ್ಡ ಇಟ್ಟ.

“ಪೆನ್ಸಿಲ್ ಇಡ್ರಿ ಸಾಹೇಬ್ರ. ಆ ಒಂಬತ್ತ ದಿನಾನ ಸುಳ್ಳ ಅದಾವ್ರಿ. ನಾ ಬೇವೂರಾಗಿದ್ದೆ, ಅಲ್ಲೀ ಗಾಳಿ ನೋಡಿ ಬರದೀನಿ. ಉಳಿದದ್ದೆಲ್ಲಾ ಖರೇ ಐತಿ. ಹೊರಗ ನೋಡ್ರಿ, ನೆಲ್ಲಿನ ಗದ್ಯಾಗ ನಮ್ಮ ಬೇಲಿ ತನಾ ನೀರ ನಿಂತೈತಿ. ನಿಮ್ಮ ಲೆಕ್ಕದಾಗ ಈ ಕಾಲವಿ ನೀರ ಎಲ್ಲೈತ್ರಿ?”

ಸಾಹೇಬರು ಎದ್ದು ಕಿಟಕಿಯ ಹೊರಗೆ ನೋಡಿದರು. ಆಮೇಲೆ ಗೆರೆ ಎಳೆದ ಅಂಕಿಗಳ ಪಕ್ಕದಲ್ಲೆಲ್ಲ ‘ಸರಿ’ ಎಂದು ಬರೆದು, ಒಂಬತ್ತು ದಿನವನ್ನು ಹೊಡೆದು ಹಾಕಿದರು.

“ಅಂದ್ರೆ ಒಂಬತ್ತು ದಿನ ಸುಳ್ಳು ಬರೆದದ್ದು ನಿಜ ತಾನೆ?”

“ಹೌದ್ರಿ.”

ಓಬಳೆಪ್ಪನ ಕಾಯಂ ಅರ್ಜಿಯ ಮೇಲೆ ಸಾಹೇಬರು ಅದನ್ನೇ ಬರೆದು ಸಹಿ ಹಾಕಿದರು.